ಹಗಲು ಕಾಣದ ಟಿವಿ

ಮಾರ್ಚ್ ೩, ಸೋಮವಾರ

ಈ ಮನೆಯಲ್ಲಿ ಬೈಯುವುದಕ್ಕೆ ಈಗ ಯಾರೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟು, ಆಮೇಲೆ ಜೀವಮಾನವೆಲ್ಲ ಬಸ್ಸಿನ ಸ್ಟಿಯರಿಂಗ್ ಹಿಡಿದವನ ಅಕ್ಷರ ಇದು. ಯಾರೂ ಓದಬೇಕಾಗಿಲ್ಲ.

ಹೆಂಡತಿಯ ಮೇಲೆ ರೇಗುವ ಹಾಗಿಲ್ಲ. ಹೋದ ವಾರ ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿದಳು, ನೀರು ತುಟಿಯ ಒಂದು ಪಕ್ಕದಿಂದ ಸೋರಿಹೋಯಿತು. ಮುಖದ ಎಡಭಾಗ ಅಲ್ಲಾಡುವುದೇ ಇಲ್ಲ. ಎಡಗಣ್ಣು ಮುಚ್ಚುವುದಿಲ್ಲ, ಬಾಯಿ ಬಲಕ್ಕೆ ಎಳೆದುಕೊಂಡಿದೆ. ಡಾಕ್ಟರು ನೋಡಿ, ಲಕ್ವ ಅಲ್ಲ, ಮುಖದ ನರ ಒಂದು ಮುನಿಸಿಕೊಂಡಿದೆ, ಬಹಳ ಮಂದಿಗೆ ವಾಸಿಯಾಗುತ್ತದೆ ಅಂದರು. ಮಾತ್ರೆ ಕೊಟ್ಟರು. ಜೊತೆಗೆ ದಿನಾ ಕನ್ನಡಿ ಮುಂದೆ ಕೂತು ಕಸರತ್ತು ಮಾಡಬೇಕಂತೆ. ಹುಬ್ಬು ಏರಿಸಬೇಕು, ಕೆನ್ನೆ ಊದಿಸಬೇಕು, ಹಲ್ಲು ತೋರಿಸಬೇಕು, ಶಿಳ್ಳೆ ಹೊಡೆಯಬೇಕು. ಮಾಡದೆ ಬಿಟ್ಟರೆ ಮುಖ ಹೀಗೇ ಸೊಟ್ಟಗೆ ನಿಂತರೂ ನಿಂತೀತು ಅಂದರು.

ಶಿಳ್ಳೆಯ ವಿಷಯ ಕೇಳಿ ನನಗೆ ನಗು ಬಂತು. ನನಗೆ ಗೊತ್ತಿರುವ ಶಿಳ್ಳೆ ಒಂದೇ. ಬಸ್ಸನ್ನು ಹಿಂದಕ್ಕೆ ತೆಗೆಯುವಾಗ ಕಂಡಕ್ಟರ್ ಹಿಂದೆ ನಿಂತು, ಬಾ ಬಾ ಅನ್ನುವುದಕ್ಕೆ ಚಿಕ್ಕ ಚಿಕ್ಕ ಶಿಳ್ಳೆ, ನಿಲ್ಲು ಅನ್ನುವುದಕ್ಕೆ ಉದ್ದನೆಯದು ಒಂದು ಹೊಡೆಯುತ್ತಿದ್ದ. ನಕ್ಕಿದ್ದನ್ನು ಇವಳು ನೋಡಿಬಿಟ್ಟಳು. ತಪ್ಪಾಯಿತು.

ಮನೆಗೆ ಬಂದವಳೇ ಬೀರುವಿನ ಕನ್ನಡಿಗೆ ಬೆಡ್‌ಶೀಟ್ ಕಟ್ಟಿದಳು. ಬಚ್ಚಲಿನ ಕನ್ನಡಿಯನ್ನು ಮೊಳೆಯಿಂದ ಬಿಡಿಸಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು. ನಾನು ಈಗ ಕ್ಷೌರ ಮಾಡಿಕೊಳ್ಳುವುದು ಸ್ಟೀಲ್ ಡಬ್ಬಿಯ ಮುಚ್ಚಳ ನೋಡಿಕೊಂಡು.

ಇವತ್ತು ಕಸರತ್ತಿನ ನೆನಪು ಮಾಡಿದೆ.

“ಆ ಮುಖ ನಾನು ನೋಡಲ್ಲ. ನೀವೂ ನೋಡ್ಬೇಡಿ,” ಅಂದಳು ಶಾಲಿನೊಳಗಿಂದ. “ಸುಮ್ಸುಮ್ನೆ ಮಾತೂ ಆಡಿಸ್ಬೇಡಿ.”

ಸುಮ್ಮನಿದ್ದೇನೆ. ನನಗೆ ಇದು ಅಭ್ಯಾಸವಿಲ್ಲದ ಕೆಲಸ.

ಮಾರ್ಚ್ ೫, ಬುಧವಾರ

ಎದುರುಮನೆಯ ಟೈಲರಮ್ಮ ಮತ್ತೆ ಬಂದಿದ್ದಳು. ಇವಳ ಜೀವದ ಗೆಳತಿ. ಮೊದಲಾದರೆ ದಿನಾ ಮಧ್ಯಾಹ್ನ ಬಂದು ಕೂತು, ಬೀದಿಯವರೆಲ್ಲರ ಸುದ್ದಿ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ಅವಳು ನಕ್ಕರೆ ಬೀದಿ ಕೊನೆಯ ನಾಯಿ ಎದ್ದು ಕೂರುತ್ತದೆ. ಇವಳು ಒಳಗಿನಿಂದ ಕೈ ಅಲ್ಲಾಡಿಸಿದಳು, ಬಿಡಬೇಡಿ ಅಂತ. ನಾನು ಬಾಗಿಲಿಗೆ ಅಡ್ಡ ನಿಂತೆ.

“ಮಲಗಿದಾಳಮ್ಮ.”

“ನಿನ್ನೆನೂ ಮಲಗಿದ್ಲಲ್ಲಣ್ಣ.”

“ಇನ್ನೂ ಎದ್ದಿಲ್ಲ.”

ಟೈಲರಮ್ಮ ನನ್ನನ್ನು ಅಳತೆ ತೆಗೆಯುವವಳ ಹಾಗೆ ಮೇಲಿಂದ ಕೆಳಗೆ ನೋಡಿ ಹೋದಳು. ಸುಳ್ಳು ಹೇಳುವುದು ನನಗೆ ಆಗದು. ಒರಟು ಮಾತು ಬೇಕಾದರೆ ಎಷ್ಟಾದರೂ ಹೇಳುತ್ತೇನೆ.

ಸಂಜೆ ಇವಳೇ ಬಾಯಿಬಿಟ್ಟಳು. “ಹೊತ್ತು ಹೋಗಲ್ಲ. ಹಾಲ್‌ಗೆ ಒಂದು ಟಿವಿ ತನ್ನಿ.”

ಆಗಲಿ, ಆದರೆ ಆ ಬಿಸಿಲಿಗೆ ಕಿಟಕಿಗೆ ಪರದೆ ಹಾಕಬೇಕಾಗುತ್ತದೆ ಅಂದೆ.

“ಪರದೆ ಹಾಕಿದ್ರೆ ಟಿವಿ ಬೇಡ.”

ಇದು ಹಳೆಯ ಜಗಳ. ಡಿಪೋ ಹಿಂದಿನ ಕ್ವಾರ್ಟರ್ಸಿನಲ್ಲಿ ಇವಳು ಅಷ್ಟೂ ವರ್ಷ ಹಗಲಲ್ಲೇ ಲೈಟು ಹಾಕಿಕೊಂಡು ಅಡುಗೆ ಮಾಡಿದವಳು. ಈ ಮನೆ ನೋಡಲು ಬಂದಾಗ ಅಡುಗೆಮನೆ, ನಲ್ಲಿ, ಏನೂ ನೋಡಲಿಲ್ಲ. ಹಾಲ್‌ನ ನಡುವೆ ನಿಂತಳು. ಎಡಕ್ಕೂ ಬಲಕ್ಕೂ ಆಳೆತ್ತರದ ಕಿಟಕಿ, ಬೆಳಿಗ್ಗೆ ಒಂದರಿಂದ ಬಿಸಿಲು, ಸಂಜೆ ಇನ್ನೊಂದರಿಂದ. ಇದೇ ಇರಲಿ ಅಂದಳು. ಈಗ ಮುಖ ಮುಚ್ಚಿಕೊಂಡಿದ್ದಾಳೆ, ಕಣ್ಣು ಉರಿದರೆ ಕಪ್ಪು ಕನ್ನಡಕ ಹಾಕಿಕೊಳ್ಳುತ್ತಾಳೆ, ಆದರೆ ಕಿಟಕಿ ಮುಚ್ಚಲು ಬಿಡುವುದಿಲ್ಲ. ಇವಳ ಹಟಕ್ಕೆ ನರ ಎಲ್ಲಿದೆಯೋ, ಅದು ಮಾತ್ರ ಮುನಿಸಿಕೊಂಡಿಲ್ಲ.

ಮಾರ್ಚ್ ೮, ಶನಿವಾರ

ಮಗಳ ಜೊತೆ ಟಿವಿ ಅಂಗಡಿಗೆ ಹೋದೆ. ಊರಿನ ಇನ್ನೊಂದು ತುದಿಯಲ್ಲಿದ್ದಾಳೆ, ರಜಾ ದಿನ ಬಂದು ನಮ್ಮಿಬ್ಬರನ್ನೂ ರಿಪೇರಿ ಮಾಡಿ ಹೋಗುತ್ತಾಳೆ.

ಅಂಗಡಿ ಅಂದರೆ ಗವಿ. ಕಿಟಕಿಯಿಲ್ಲ. ಕತ್ತಲೆಯ ಗೋಡೆ ತುಂಬ ಟಿವಿ, ಎಲ್ಲದರಲ್ಲೂ ಅದೇ ಗಿಳಿ. ಟೈ ಕಟ್ಟಿಕೊಂಡ ಹುಡುಗ ಒಬ್ಬ ಬೆನ್ನು ಹತ್ತಿದ. ಬೆಳಕು ಜಾಸ್ತಿ ಇರುವ ಮನೆಯಾದರೆ ಟಿವಿಯ ಪರದೆ ನುಣುಪಾಗಿರಬಾರದಂತೆ, ಮಬ್ಬು ಗಾಜಿನ ಹಾಗೆ ಇರಬೇಕಂತೆ, ಟಿವಿಯ ಬೆಳಕೂ ಜೋರಾಗಿರಬೇಕಂತೆ.

“ಸರ್, ನಿಮ್ಮ ಹಾಲ್‌ಗೆ ಇದನ್ನ ತಗೊಳ್ಳಿ. ನೋಡೋಕೆ ಸ್ವಲ್ಪ ಸಪ್ಪೆ ಅನ್ಸತ್ತೆ, ಆದ್ರೆ ಹಗಲು ಚೆನ್ನಾಗಿ ಕಾಣತ್ತೆ.”

ಅವನು ಬೆರಳು ತೋರಿಸಿದ ಟಿವಿಯಲ್ಲಿ ಗಿಳಿ ನೆನೆದು ಒಣಗಿದ ಹಾಗಿತ್ತು. ಪಕ್ಕದ್ದರಲ್ಲಿ ಕಪ್ಪು ಅಂದರೆ ಹೊಸ ಟಯರಿನ ಕಪ್ಪು. ಗಿಳಿ ಈಗಲೋ ಆಗಲೋ ಕಚ್ಚುತ್ತದೆ ಅನ್ನುವಂತಿತ್ತು.

“ಅದು ಕೊಡಿ.”

“ಸರ್, ಅದು ಕನ್ನಡಿ ಥರ ಹೊಳೆಯತ್ತೆ. ಬಿಸಿಲಿಗೆ...”

“ಏನಪ್ಪಾ, ದಿನಾ ಬೆಳಿಗ್ಗೆ ಸೂರ್ಯನ ಎದುರಿಗೇ ಗಾಡಿ ಓಡಿಸಿದೀನಿ. ನನಗೆ ಬಿಸಿಲಿನ ಪಾಠ ಹೇಳ್ಕೊಡ್ತೀಯಾ?”

“ಅಪ್ಪಾ, ಅವರು ಹೇಳೋದು ಸ್ವಲ್ಪ ಕೇಳಿ,” ಅಂದಳು ಮಗಳು.

ಕೇಳಲಿಲ್ಲ. ತಂದೆವು.

ಮಾರ್ಚ್ ೧೦, ಸೋಮವಾರ

ಅಂಗಡಿಯವರು ಬಂದು ಗೋಡೆಗೆ ಹಾಕಿ ಹೋದರು. ಹಾಕಿದ ಮೇಲೆ ಧಾರಾವಾಹಿ ಹಚ್ಚಿದೆ. ಒಬ್ಬಳು ಅಳುತ್ತಿದ್ದಳು, ಅವಳ ಹಣೆಯ ಮೇಲೆ ಕಾಗೆ ಕೂತಿತ್ತು. ತಿರುಗಿ ನೋಡಿದರೆ ಕಾಗೆ ನಮ್ಮ ಕಿಟಕಿಯ ಹೊರಗಿನ ತಂತಿಯ ಮೇಲಿದೆ. ಆಮೇಲೆ ಅವಳ ಗಂಡ ಬಂದ. ಅವನ ಎದೆಯೊಳಗಿಂದ ಸೈಕಲ್ಲೊಂದು ಹಾದುಹೋಯಿತು. ಇಡೀ ಬೀದಿ ಟಿವಿಯಲ್ಲಿದೆ, ಟಿವಿಯಲ್ಲಿ ಇರಬೇಕಾದವರು ಮಾತ್ರ ಇಲ್ಲ.

ಕೂರುವ ವ್ಯವಸ್ಥೆ ಇವಳೇ ಮಾಡಿದಳು. ಅವಳು ಹಿಂದೆ ಗೋಡೆಗೆ ಒರಗಿದ ಸೋಫಾದ ಮೇಲೆ. ನನಗೆ ಮುಂದೆ, ಸ್ವಲ್ಪ ಬಲಕ್ಕೆ, ಬೆತ್ತದ ಕುರ್ಚಿ.

“ಅಲ್ಲೇ ಕೂತ್ಕೊಳ್ಳಿ. ಹಿಂದೆ ತಿರುಗ್ಬೇಡಿ.”

ಸರಿಯಾಗಿ ಡ್ರೈವರ್ ಸೀಟು. ಮುಂದೆ ಗಾಜು, ಗಾಜಿನ ತುಂಬ ಬಿಸಿಲು.

“ಏನಾದ್ರೂ ಕಾಣತ್ತಾ?” ಕೇಳಿದೆ.

“ಕಾಗೆ.”

ಅಂಗಡಿಗೆ ಫೋನ್ ಮಾಡಿ ಟೈ ಹುಡುಗನನ್ನು ಬೈದೆ. “ನಾನು ಅವತ್ತೇ ಹೇಳಿದ್ನಲ್ಲ ಸರ್,” ಅಂದ. ಹೇಳಿದ್ದನಾದರೆ ಜೋರಾಗಿ ಹೇಳಬೇಕಿತ್ತು. ಅದನ್ನೂ ಹೇಳಿದೆ.

ಮಾರ್ಚ್ ೧೧, ಮಂಗಳವಾರ

ಟಿವಿ ಬಂದ ರಟ್ಟಿನ ಪೆಟ್ಟಿಗೆ ಕತ್ತರಿಸಿ, ಬಸ್ಸಿನ ಮುಂದಿನ ಗಾಜಿನ ಮೇಲೆ ಬಿಸಿಲುತಡೆ ಇರುತ್ತದಲ್ಲ, ಹಾಗೆ ಒಂದು ಮಾಡಿ ಟಿವಿಯ ಹಣೆಗೆ ಅಂಟಿಸಿದೆ. ಕಾಗೆ ಹೋಯಿತು. ಸೈಕಲ್ಲು ಹೋಗಲಿಲ್ಲ. ಮಧ್ಯಾಹ್ನ ಗಾಳಿಗೆ ರಟ್ಟು ಕಳಚಿ ಟೀ ಲೋಟದ ಮೇಲೆ ಬಿತ್ತು.

ಹಿಂದಿನಿಂದ ಒಂದು ಸದ್ದು ಬಂತು. ಕೆಮ್ಮೋ ನಗುವೋ ತಿಳಿಯಲಿಲ್ಲ. ತಿರುಗುವ ಹಾಗಿಲ್ಲವಲ್ಲ.

ಮಾರ್ಚ್ ೧೨, ಬುಧವಾರ

ಟಿವಿಯ ಹಿಂದೆ ಕಬ್ಬಿಣದ ತೋಳಿದೆ, ಅದರಲ್ಲಿ ಆಚೀಚೆ ವಾಲಿಸಬಹುದು. ಬೆಳಿಗ್ಗೆಯಿಂದ ಅದೇ ಕೆಲಸ. ಎಡಕ್ಕೆ ತಿರುಗಿಸಿದರೆ ಎಡಗಿಟಕಿ, ಬಲಕ್ಕಾದರೆ ಬಲಗಿಟಕಿ. ಕೊನೆಗೆ ಕೋಪ ಬಂದು ಟಿವಿ ಆಫ್ ಮಾಡಿ, ಸ್ವಲ್ಪ ಕೆಳಮುಖ ಮಾಡಿ, ಬಂದು ಕುರ್ಚಿಯಲ್ಲಿ ಕೂತೆ.

ಇವಳು ಕಂಡಳು.

ಕಿಟಕಿ ಎರಡೂ ಗಾಜಿನಿಂದ ಆಚೆ ಹೋಗಿದ್ದವು. ನಡುವೆ ಸೋಫಾ, ಸೋಫಾದ ಮೇಲೆ ಇವಳು. ಶಾಲು ಹೆಗಲಿಗೆ ಜಾರಿತ್ತು. ಎರಡು ಕಡೆಯಿಂದಲೂ ಮುಖದ ಮೇಲೆ ಬೆಳಕು. ಆವತ್ತಿನಿಂದ ನಾನು ಇವಳ ಮುಖ ನೋಡಿದ್ದು ಇವತ್ತೇ. ಡ್ರೈವರ್ ತಲೆಯ ಮೇಲಿನ ಕನ್ನಡಿಯಲ್ಲಿ ಹಿಂದಿನ ಸೀಟಿನವರು ಕಾಣುವ ಹಾಗೆ, ಚಿಕ್ಕದಾಗಿ, ಕಪ್ಪಗೆ, ಆದರೂ ಸ್ಪಷ್ಟವಾಗಿ.

ಅಂಥದೇನೂ ಆಗಿಲ್ಲ. ನಾನು ಏನೇನೋ ಕಲ್ಪಿಸಿಕೊಂಡಿದ್ದೆ. ಇವಳೇ. ಸ್ವಲ್ಪ ಓರೆ.

ಪೇಪರ್ ಎತ್ತಿ ಓದುವವನ ಹಾಗೆ ಹಿಡಿದುಕೊಂಡೆ. ಎಷ್ಟೋ ಹೊತ್ತಾದ ಮೇಲೆ ಗೊತ್ತಾಯಿತು, ಪೇಪರ್ ನಿನ್ನೆಯದು.

ಮಾರ್ಚ್ ೧೪, ಶುಕ್ರವಾರ

ಇವಳು ಕಸರತ್ತು ಮಾಡುತ್ತಿದ್ದಾಳೆ.

ಬೆಳಿಗ್ಗೆ ಟಿವಿ ಹಚ್ಚಲು ಹೋದರೆ, “ಇರ್ಲಿ ಬಿಡಿ, ಈಗೇನೂ ಚೆನ್ನಾಗಿ ಬರಲ್ಲ,” ಅಂದಳು. ಸರಿ ಅಂತ ಪೇಪರ್ ಹಿಡಿದು ಕೂತೆ. ಗಾಜಿನಲ್ಲಿ ನೋಡಿದರೆ ಹುಬ್ಬು ಏರಿಸುತ್ತಿದ್ದಾಳೆ. ಬಲಹುಬ್ಬು ಮೇಲಕ್ಕೆ ಹೋಯಿತು, ಎಡದ್ದು ಕದಲಲಿಲ್ಲ. ಆಮೇಲೆ ಕೆನ್ನೆ ಊದಿಸಿದಳು. ಗಾಳಿ ನಿಲ್ಲಲಿಲ್ಲ, ಪುಸ್ಸೆಂದು ಹೋಯಿತು. ಮತ್ತೆ ಊದಿಸಿದಳು. ಬೀರುವಿನ ಕನ್ನಡಿಯಲ್ಲಿ ನೋಡಲಾರದ ಮುಖವನ್ನು ಈ ಕಪ್ಪು ಗಾಜಿನಲ್ಲಿ ನೋಡಿಕೊಳ್ಳುತ್ತಿದ್ದಾಳೆ. ಅಷ್ಟು ನಿಚ್ಚಳವಾಗಿ ಕಾಣುವುದಿಲ್ಲವಲ್ಲ, ಅದಕ್ಕಿರಬೇಕು.

ನಾನು ಉಸಿರು ಬಿಗಿಹಿಡಿದು ಕೂತೆ. ನನಗೆ ಕಾಣುತ್ತಿದೆ ಅಂತ ಗೊತ್ತಾದರೆ ಇದಕ್ಕೂ ಒಂದು ಬೆಡ್‌ಶೀಟ್ ಬೀಳುತ್ತದೆ.

ಯಾಕೋ ಸಂಜೆಯಿಂದ ದವಡೆ ನೋಯುತ್ತಿದೆ.

ಮಾರ್ಚ್ ೧೬, ಭಾನುವಾರ

ಮಗಳು ಬಂದಳು. ಬಂದವಳೇ ಟಿವಿ ಹಚ್ಚಿ ನೋಡಿ ತಲೆ ಚಚ್ಚಿಕೊಂಡಳು. ಅಂಗಡಿಗೆ ಫೋನ್ ಮಾಡಿ, ಇದನ್ನು ಕೊಟ್ಟು ಆ ಮಬ್ಬು ಗಾಜಿನದನ್ನೇ ತೆಗೆದುಕೊಳ್ಳುವ ಏರ್ಪಾಡು ಮಾಡಿದಳು. ತಿಂಗಳ ಕೊನೆಗೆ ಸ್ಟಾಕ್ ಬರುತ್ತದಂತೆ, ಬಂದ ತಕ್ಷಣ ಮನೆಗೇ ತಂದು ಬದಲಾಯಿಸುತ್ತಾರಂತೆ.

“ಬೇಡ ಬಿಡು. ಇದೇ ಇರ್ಲಿ,” ಅಂದೆ.

“ಏನಪ್ಪಾ ಇದು. ಸೋಮವಾರ ತಾನೇ ಫೋನಲ್ಲಿ ಆ ಹುಡುಗನ್ನ ನಿಲ್ಸಿ ಬೈದ್ರಿ.”

“ಈಗ ಚೆನ್ನಾಗಿ ಕಾಣತ್ತೆ.”

“ಏನು ಕಾಣತ್ತೆ? ನಂಗೆ ನಾನೇ ಕಾಣ್ತಿದೀನಿ.”

ಹಿಂದಿನ ಸೋಫಾದಲ್ಲಿ ಇವಳು ಕೂತಿದ್ದಾಳೆ. ಮಗಳಿಗೆ ಏನೆಂದು ವಿವರಿಸಲಿ? ಅಡುಗೆಮನೆಗೆ ಕರೆದು ಗುಟ್ಟಾಗಿ ಹೇಳೋಣ ಅಂದರೆ ನನಗೆ ಮೆತ್ತಗೆ ಮಾತಾಡಲು ಬರುವುದಿಲ್ಲ. ಪಿಸುಮಾತಾಡಿದರೂ ಬೀದಿಗೆ ಕೇಳುತ್ತದೆ ಅಂತ ಇವಳೇ ಹೇಳುತ್ತಿದ್ದಳು. ಪೇಪರ್ ಎತ್ತಿಕೊಂಡೆ.

ಹೋಗುವಾಗ ಮಗಳು ಬಾಗಿಲಲ್ಲಿ ನಿಂತು, “ಅಪ್ಪಾ, ಆಗ್ಲಿಂದ ನೋಡ್ತಿದೀನಿ, ಪೇಪರ್ ಓದ್ತಾ ಯಾಕೆ ಮುಖ ಹಂಗೆಲ್ಲಾ ಮಾಡ್ತೀರಾ?” ಅಂದಳು.

ಪೇಪರಿನ ಸುದ್ದಿ ಹಾಗಿದೆ ಅಂದೆ.

ಮಾರ್ಚ್ ೨೦, ಗುರುವಾರ

ದವಡೆ ನೋವು ತಡೆಯಲಾಗದೆ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಬಾಯೊಳಗೆ ದೀಪ ಬಿಟ್ಟು ಹುಡುಕಿದರು.

“ಹಲ್ಲೇನೋ ಗಟ್ಟಿಯಾಗಿವೆ ಯಜಮಾನ್ರೇ. ಕೆನ್ನೆ ಮಾಂಸ ದಣಿದಿದೆ. ಏನಾದ್ರೂ ಊದೋ ವಾದ್ಯ ನುಡಿಸ್ತೀರಾ?”

ನಾನು ಜೀವನದಲ್ಲಿ ನುಡಿಸಿದ್ದು ಒಂದೇ, ಬಸ್ಸಿನ ಹಾರ್ನು, ಅದನ್ನೂ ಕೈಯಲ್ಲಿ ಅಂದೆ. ಓದಿಕೊಂಡವರಿಗೆ ತಲೆ ನೆಟ್ಟಗಿರುವುದಿಲ್ಲ.

ವಾಪಸು ಬರುವಾಗ ಟೈಲರಮ್ಮ ಗೇಟಿನ ಹತ್ತಿರ ಹಿಡಿದುಕೊಂಡಳು. “ಅಣ್ಣ, ನಾನೇನಾದ್ರೂ ಅಂದಿದ್ದು ಅವಳ ಮನಸಿಗೆ ಬೇಜಾರಾಯ್ತಾ? ಅದಾದ್ರೂ ಹೇಳಿ.” ನಗದೇ ಇದ್ದಾಗ ಟೈಲರಮ್ಮನ ಮುಖ ಬೇರೆ ಯಾರದೋ ಇದ್ದ ಹಾಗಿತ್ತು. ಇಲ್ಲಮ್ಮ, ಮಲಗಿದಾಳೆ ಅಂದೆ. ಬೆಳಗಿನ ಹೊತ್ತು ಅದು, ಒಳಗಿಂದ ಇವಳು ಪಾತ್ರೆ ತೊಳೆಯುವ ಸದ್ದು ಇಬ್ಬರಿಗೂ ಕೇಳುತ್ತಿತ್ತು.

ಮಾರ್ಚ್ ೨೪, ಸೋಮವಾರ

ಎಡಹುಬ್ಬು ಅಲ್ಲಾಡಿತು.

ಸ್ವಲ್ಪವೇ. ನೊಣ ಕೂತಾಗ ಎಮ್ಮೆಯ ಚರ್ಮ ಅದುರುವಷ್ಟು. ನಾನು ಇನ್ನೇನು ತಿರುಗಿಬಿಡುತ್ತಿದ್ದೆ, ಕುರ್ಚಿಯ ಕೈ ಹಿಡಿದುಕೊಂಡೆ. ಇವಳು ಮತ್ತೆ ಏರಿಸಿದಳು. ಮತ್ತೆ ಅಲ್ಲಾಡಿತು.

ಸಂಜೆ ಅನ್ನಕ್ಕೆ ಉಪ್ಪು ಎರಡು ಸಲ ಹಾಕಿದ್ದಳು. ಏನೂ ಅನ್ನದೆ ಉಂಡೆ. ಉಂಡಾದ ಮೇಲೆ ನೆನಪಾಯಿತು, ಉಪ್ಪು ಜಾಸ್ತಿಯಾಗಿತ್ತು ಅಂತ.

ಮಾರ್ಚ್ ೨೭, ಗುರುವಾರ

ಮಹಡಿಗೆ ಹೋಗಿ ಅಂಗಡಿಗೆ ಫೋನ್ ಮಾಡಿದೆ. ಟಿವಿ ಬದಲಾಯಿಸುವುದು ಬೇಡ ಅಂದೆ.

“ಮೇಡಮ್ ಬುಕ್ ಮಾಡಿದಾರೆ ಸರ್, ಅವರೇ ಹೇಳ್ಬೇಕು.”

“ಟಿವಿ ನಂದು ಕಣಯ್ಯ.”

“ಸರ್, ನೀವು ಮೊದಲ ಸಲಾನೂ ನಿಮಗೆ ಬೇಕಾದ್ದೇ ತಗೊಂಡ್ರಿ. ಆಮೇಲೆ ಬೈಗುಳ ತಿಂದವನು ನಾನು. ಈ ಸಲ ಮೇಡಮ್ ಹೇಳಿದ್ದೇ ಮಾಡ್ತೀನಿ.”

ಹುಡುಗ ಜೋರಾಗಿ ಮಾತಾಡುವುದು ಕಲಿತಿದ್ದಾನೆ. ಅವತ್ತೇ ಕಲಿಯಬಾರದಿತ್ತೇ?

ಮಗಳಿಗೆ ಮಾಡಿದೆ. ಮೀಟಿಂಗಿನಲ್ಲಿದ್ದಾಳಂತೆ.

ಹೊಸದರಲ್ಲಿ ಹಗಲೆಲ್ಲ ಟಿವಿ ಚೆನ್ನಾಗಿ ಕಾಣುತ್ತದೆ. ಚೆನ್ನಾಗಿ ಕಂಡರೆ ಇವಳು ಟಿವಿ ನೋಡುತ್ತಾಳೆ. ಎಡತುಟಿ ಇನ್ನೂ ಬಂದಿಲ್ಲ.

ಏಪ್ರಿಲ್ ೧, ಮಂಗಳವಾರ

ಬೆಳಿಗ್ಗೆ ಮನೆ ಮುಂದೆ ಅಂಗಡಿಯ ವ್ಯಾನು ನಿಂತಿತು. ಟೈ ಹುಡುಗನೇ ಪೆಟ್ಟಿಗೆ ಹಿಡಿದು ಇಳಿದ. ನಾನು ಬಾಗಿಲಿಗೆ ಅಡ್ಡ ನಿಂತೆ. ಈಚೆಗೆ ನನ್ನ ಕೆಲಸವೇ ಅದು.

“ಬೇಡಪ್ಪ, ವಾಪಸ್ ತಗೊಂಡ್ಹೋಗು.”

“ಸರ್, ಹಗಲು ಏನೂ ಕಾಣಲ್ಲ ಅಂತ ನೀವೇ ಹೇಳಿದ್ದು.”

“ಈಗ ಅಭ್ಯಾಸ ಆಗಿದೆ.”

“ಏನು ಅಭ್ಯಾಸ ಸರ್?”

“ಕಾಣದೇ ಇರೋದನ್ನ ನೋಡಿ ಅಭ್ಯಾಸ.”

ಹುಡುಗ ಪೆಟ್ಟಿಗೆ ಕೆಳಗಿಟ್ಟು ಹಣೆ ಒರೆಸಿಕೊಂಡ. ಅಷ್ಟರಲ್ಲಿ ವ್ಯಾನು ನೋಡಿ, ಕೊರಳಲ್ಲಿ ಅಳತೆಪಟ್ಟಿ ನೇತು ಹಾಕಿಕೊಂಡೇ ಟೈಲರಮ್ಮ ರಸ್ತೆ ದಾಟಿ ಬಂದಳು.

“ಏನಣ್ಣ, ಇನ್ನೊಂದು ಟಿವಿನಾ? ನನ್ನ ಗೆಳತಿ ಇನ್ನೂ ಎದ್ದಿಲ್ವಾ?”

ನಾನು ಬಾಯಿ ತೆರೆಯುವುದರೊಳಗೆ ಹಿಂದಿನಿಂದ, “ಎದ್ದಿದೀನಿ,” ಅಂತ ಕೇಳಿಸಿತು.

ತಿರುಗಿದೆ. ತಿರುಗಬಾರದು ಅನ್ನುವುದು ನೆನಪಿಗೆ ಬಂದಿದ್ದು ತಿರುಗಿದ ಮೇಲೆ. ಇವಳು ಹಾಲ್‌ನ ನಡುವೆ ನಿಂತಿದ್ದಳು. ಶಾಲು ಸೋಫಾದ ಮೇಲಿತ್ತು.

ಟೈಲರಮ್ಮ ನನ್ನನ್ನು ಪಕ್ಕಕ್ಕೆ ತಳ್ಳಿ ಒಳಗೆ ಬಂದು, ಇವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಒಂದು ಕಣ್ಣು ಸಣ್ಣ ಮಾಡಿ ನೋಡಿದಳು.

“ಎಡಗಡೆ ಚೂರು ಇಳಿದಿದೆ,” ಅಂದಳು. “ನಾನು ಹೊಲಿದುಕೊಟ್ಟ ಬಟ್ಟೆ ಎಲ್ಲಾ ಎಡಗಡೆ ಇಳಿದೇ ಇರ್ತಿತ್ತು. ನೀನು ಒಂದಿನ ಏನಾದ್ರೂ ಅಂದಿದ್ಯೇನೆ?”

ಇವಳು ನಕ್ಕಳು. ಬಲಗಡೆ ಮೊದಲು ನಕ್ಕಿತು. ಎಡತುಟಿ, ಬಸ್ಸು ಹೊರಟ ಮೇಲೆ ಓಡಿ ಬಂದು ಹತ್ತಿಕೊಳ್ಳುವವರ ಹಾಗೆ, ಆಮೇಲೆ ಬಂದು ಸೇರಿಕೊಂಡಿತು. ಬಂತು, ಅಷ್ಟು ಸಾಕು. ಟೈಲರಮ್ಮನೂ ನಕ್ಕಳು. ಬೀದಿ ಕೊನೆಯ ನಾಯಿ ಬೊಗಳಿತು. ಆಮೇಲೆ ಇಬ್ಬರೂ ಕಣ್ಣು ಒರೆಸಿಕೊಂಡರು. ಇವಳ ಎಡಗಣ್ಣು ಹೇಗೂ ಸೋರುತ್ತಲೇ ಇರುತ್ತದೆ.

“ಮೇಡಮ್, ಟಿವಿ...” ಅಂದ ಹುಡುಗ ಬಾಗಿಲಿನಿಂದ.

“ಬೇಡಪ್ಪ. ಇದೇ ಇರ್ಲಿ,” ಅಂದಳು ಇವಳು. “ಇದ್ರಲ್ಲಿ ಬರೋ ಕಾರ್ಯಕ್ರಮ ಬೇರೆ ಯಾವ ಟಿವೀಲೂ ಬರಲ್ಲ.”

“ಯಾವುದು ಮೇಡಮ್?”

“ನಮ್ಮನೆಯವರದು. ನಾನು ಹಿಂದೆ ಕೂತು ಹುಬ್ಬು ಏರಿಸಿದ್ರೆ ಇವರು ಮುಂದೆ ಕೂತು ಹುಬ್ಬು ಏರಿಸ್ತಾರೆ. ನಾನು ಹಲ್ಲು ತೋರಿಸಿದ್ರೆ ಇವರೂ ತೋರಿಸ್ತಾರೆ. ನಾನು ಕೆನ್ನೆ ಊದಿದ್ರೆ ಇವರದು ನನ್ನದಕ್ಕಿಂತ ಜೋರು, ಪೇಪರ್ ಹಾರಿಹೋಗೋ ಹಾಗೆ. ಮೊದಲ ದಿನ ನಗು ತಡೀಲಾರ್ದೆ ಶಾಲು ಕಚ್ಚಿಕೊಂಡೆ. ಆಮೇಲೆ ಅದನ್ನ ನೋಡೋಕೇ ಅಂತ ದಿನಾ ಮಾಡ್ದೆ.”

ನಾನು ಹಾಗೆಲ್ಲ ಮಾಡಿಲ್ಲ ಅಂದೆ.

“ರೀ, ಇಷ್ಟು ವರ್ಷ ಬಸ್ ಓಡಿಸಿದೀರಿ. ಕನ್ನಡೀಲಿ ನಿಮಗೆ ಹಿಂದಿನ ಸೀಟು ಕಂಡ್ರೆ, ಹಿಂದಿನ ಸೀಟಿನವರಿಗೆ ನೀವು ಕಾಣಲ್ವಾ?”

ಈ ವಿಷಯ ನಾನು ಯಾವತ್ತೂ ಯೋಚಿಸಿರಲಿಲ್ಲ. ಅಷ್ಟು ವರ್ಷ ಅಷ್ಟು ಜನ ಹಿಂದೆ ಕೂತು ನನ್ನ ಮುಖ ನೋಡಿದ್ದಾರೆ ಅಂದರೆ ಈಗ ಮೈ ಬಿಸಿಯಾಗುತ್ತದೆ.

ಟೈ ಹುಡುಗ ನೆಲ ನೋಡುತ್ತ ನಿಂತಿದ್ದ, ಹೆಗಲು ಕುಣಿಯುತ್ತಿತ್ತು. ನಗೋದಿದ್ರೆ ಪೆಟ್ಟಿಗೆ ಹೊತ್ಕೊಂಡು ನಗು ಅಂದೆ. ಇವಳು ಅವನನ್ನು ಒಳಗೆ ಕರೆದು ಕೂರಿಸಿ ಟೀ ಕೊಟ್ಟಳು. ಮುಖ ಮುಚ್ಚಿಕೊಳ್ಳದೆ.

ಇಲ್ಲಿ ಬರೆದಿಡುತ್ತೇನೆ: ಕೆನ್ನೆ ಊದಿಸಿದ್ದು ಶುದ್ಧ ಸುಳ್ಳು. ದವಡೆ ನೋವಿಗೆ ಬೇರೆ ಏನಾದರೂ ಕಾರಣ ಇದ್ದೇ ಇರುತ್ತದೆ.

ಏಪ್ರಿಲ್ ೬, ಭಾನುವಾರ

ಬೀರುವಿನ ಬೆಡ್‌ಶೀಟನ್ನು ಇವಳೇ ಬಿಚ್ಚಿ ಒಗೆಯಲು ಹಾಕಿದಳು. ಬಚ್ಚಲಿನ ಕನ್ನಡಿ ಮೊಳೆಗೆ ಮರಳಿತು. ಕ್ಷೌರ ಮಾಡಿಕೊಳ್ಳುವಾಗ ನೋಡಿಕೊಂಡೆ. ಡಬ್ಬಿಯ ಮುಚ್ಚಳದಲ್ಲೇ ಚೆನ್ನಾಗಿದ್ದೆ.

ಮಗಳಿಗೆ ಟೈಲರಮ್ಮ ಎಲ್ಲವನ್ನೂ ಹೇಳಿಬಿಟ್ಟಿದ್ದಾಳೆ, ನನ್ನ ಮುಖ ಮಾಡಿ ತೋರಿಸಿ. ಮೂವರೂ ನಕ್ಕರು. ನಾನು ಹೊರಗೆ ಹೋಗಿ ಗೇಟಿಗೆ ಎಣ್ಣೆ ಹಾಕಿದೆ.

ಸಂಜೆ ಎಲ್ಲರೂ ಹೋದ ಮೇಲೆ ಪಡುವಣ ಕಿಟಕಿಯ ಬಿಸಿಲಿಗೆ ಇಡೀ ಹಾಲ್ ಹಳದಿಯಾಗಿತ್ತು. ಟಿವಿಯಲ್ಲಿ ಯಾವುದೋ ಧಾರಾವಾಹಿ, ಏನೂ ಕಾಣುತ್ತಿರಲಿಲ್ಲ. ನಾನು ನನ್ನ ಕುರ್ಚಿಯಲ್ಲಿ ಕೂತಿದ್ದೆ. ಹಿಂದಿನಿಂದ ಒಂದು ಶಿಳ್ಳೆ ಬಂತು. ಅರ್ಧ ಗಾಳಿ, ಅರ್ಧ ಸದ್ದು. ಮತ್ತೆ ಒಂದು ಚಿಕ್ಕದು. ಮತ್ತೊಂದು.

ಆ ಶಿಳ್ಳೆ ನನಗೆ ಗೊತ್ತು. ಹಿಂದೆ ತಿರುಗಿ ನೋಡಲಿಲ್ಲ. ಕಂಡಕ್ಟರ್ ಹಿಂದೆ ಇರುವಾಗ ಡ್ರೈವರ್ ತಿರುಗಬಾರದು. ಕುರ್ಚಿ ಹಿಡಿದು, ಕೂತ ಹಾಗೇ, ಒಂದೊಂದು ಶಿಳ್ಳೆಗೆ ಒಂದೊಂದು ಸಲ ಹಿಂದಕ್ಕೆ ಜರುಗಿಸಿದೆ. ನೆಲ ಗೀಚಿತು. ಬೇರೆ ದಿನವಾಗಿದ್ದರೆ ಬೈಗುಳ ಕೇಳಬೇಕಿತ್ತು.

ಕುರ್ಚಿ ಸೋಫಾದ ಪಕ್ಕಕ್ಕೆ ಬಂದಾಗ ಉದ್ದನೆಯ ಶಿಳ್ಳೆ ಬಿತ್ತು. ನಿಲ್ಲಿಸಿದೆ.